ಸೊಂಟದ ನೋವು: ಯಾವಾಗ ನಿಲ್ಲಬೇಕು, ಯಾವಾಗ ಓಡಬೇಕು

ಬಳ್ಳಾರಿಯಲ್ಲಿ ಬೆಳಗಿನ ಹೊತ್ತು ಓಡುವವರಲ್ಲಿ ಎರಡು ಬಗೆಯವರಿದ್ದಾರೆ. ತೂಕ ಇಳಿಸಲು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಲು, ಇಲ್ಲವೇ ಓಟದ ಮೇಲಿನ ಪ್ರೀತಿಗೇ ಓಡುವ ನಲವತ್ತು ಐವತ್ತರ ಆಸುಪಾಸಿನವರು ಒಂದು ಬಗೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಸೇನೆಯ ಅಗ್ನಿವೀರ್ ಭರ್ತಿಗೋ ‘ಫಿಸಿಕಲ್’ ತಯಾರಿ ನಡೆಸುವ ಹುಡುಗ ಹುಡುಗಿಯರು ಇನ್ನೊಂದು ಬಗೆ. ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನ ಕಾಲುವೆ ದಾರಿಯಾಗಲಿ, ಕುರುಗೋಡಿನ ಗುಡ್ಡದ ಬುಡದ ರಸ್ತೆಯಾಗಲಿ, ಈ ಎರಡನೆಯ ಬಗೆಯವರ ಓಟಕ್ಕೆ ಗಡಿಯಾರವೇ ಯಜಮಾನ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಹೆಂಗಸರು 400 ಮೀಟರನ್ನು 2 ನಿಮಿಷದೊಳಗೆ. ಸೇನಾ ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಮಾತ್ರ ಪೂರ್ಣ 60 ಅಂಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಓಡಲು ಸಿಗುವುದೇ ಮುಂಜಾನೆಯ ಒಂದೆರಡು ತಾಸು. ಅರ್ಜಿ ಕರೆದ ಮೇಲೆ ಶುರುವಾಗುವ ತಯಾರಿಯನ್ನೆಲ್ಲ ಆ ಹೊತ್ತಿನೊಳಗೇ ತುರುಕುವ ಆತುರ ಬೇರೆ.

ಈ ಇಬ್ಬರನ್ನೂ ಕಾಡುವ ಒಂದು ತೊಂದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದ ಸೊಂಟದ ನೋವು. ಅವರಿಗೆ ಸಿಗುವ ಸಲಹೆಯೂ ಎರಡೇ ಬಗೆಯದು. ‘ಸ್ವಲ್ಪ ದಿನ ರೆಸ್ಟ್ ಮಾಡು, ತಾನೇ ಹೋಗುತ್ತದೆ’ ಎನ್ನುವವರು ಕೆಲವರು. ‘ಓಡುತ್ತಾ ಓಡುತ್ತಾ ಬಿಸಿಯಾದರೆ ಸರಿಹೋಗುತ್ತದೆ, ಒಂದು ಗುಳಿಗೆ ನುಂಗು’ ಎನ್ನುವವರು ಕೆಲವರು. ಎರಡೂ ಅರ್ಧ ಸತ್ಯ. ಅವುಗಳನ್ನು ತಪ್ಪು ಮನುಷ್ಯನಿಗೆ ಹೇಳಿದಾಗ ಎರಡೂ ಅಪಾಯಕಾರಿ. ಓಟವನ್ನು ತಕ್ಷಣ ನಿಲ್ಲಿಸಲೇಬೇಕಾದ ಹುಡುಗನಿಗೆ ‘ತಡೆದುಕೊಂಡು ಓಡು’ ಎಂಬ ಮಾತು ಸಿಗುತ್ತದೆ. ವ್ಯಾಯಾಮದಿಂದಲೇ ಗುಣವಾಗಬೇಕಾದ ಮಧ್ಯವಯಸ್ಸಿನವರಿಗೆ ‘ಓಟ ಬಿಟ್ಟುಬಿಡಿ’ ಎಂಬ ಮಾತು. ಯಾರು ನಿಲ್ಲಬೇಕು, ಯಾರು ಓಡಬೇಕು ಎಂಬುದನ್ನು ಮೊದಲು ಸೂಚಿಸುವುದು ನೋವಿನ ಜಾಗ. ಅದನ್ನು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ.

ನೋವೆಲ್ಲಿ ಎಂದು ಕೇಳಿದರೆ ಜನ ಅಂಗೈಯನ್ನು ಟೊಂಕದ ಮೇಲಿಟ್ಟು ಇಡೀ ಭಾಗವನ್ನು ತೋರಿಸುತ್ತಾರೆ. ಅಂಗೈ ಬದಲು ಒಂದೇ ಬೆರಳಿನಲ್ಲಿ ತೋರಿಸಲು ಹೇಳಬೇಕು. ಬೆರಳು ಮುಂಭಾಗದ ತೊಡೆಸಂದಿಗೆ ಹೋಯಿತೇ, ಪಕ್ಕದಲ್ಲಿ ಪ್ಯಾಂಟಿನ ಜೇಬಿನ ಕೆಳಗೆ ಕೈಗೆ ಗಟ್ಟಿಯಾಗಿ ಸಿಗುವ ಎಲುಬಿನ ಉಬ್ಬಿಗೆ ಹೋಯಿತೇ, ಹಿಂದೆ ಪೃಷ್ಠದ ಕಡೆಗೆ ಹೋಯಿತೇ? ಸೊಂಟದ ಕೀಲು ನಿಜವಾಗಿ ಇರುವುದು ತೊಡೆಸಂದಿನ ಆಳದಲ್ಲಿ. ತೊಡೆಯೆಲುಬಿನ ದುಂಡನೆಯ ತಲೆ ಕಟಿಭಾಗದ ಬಟ್ಟಲಿನಂಥ ಗುಳಿಯಲ್ಲಿ ಕೂತಿರುತ್ತದೆ. ತಲೆಯನ್ನೂ ಎಲುಬಿನ ಉದ್ದ ಭಾಗವನ್ನೂ ಸೇರಿಸುವುದು ಓರೆಯಾಗಿ ಚಾಚಿದ ಒಂದು ಕುತ್ತಿಗೆ. ಪಕ್ಕದ ಉಬ್ಬಿಗೆ ಅಂಟಿಕೊಂಡಿರುವುವು ಪೃಷ್ಠದ ಸ್ನಾಯುಗಳ ರಜ್ಜುಗಳು. ನಡೆಯುವಾಗ ಈ ಕೀಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಬಿದ್ದರೆ, ಓಡುವಾಗ ಅದು ಐದು ಪಟ್ಟಿನ ಹತ್ತಿರ ಹೋಗುತ್ತದೆ. 60 ಕಿಲೋ ತೂಗುವ ಹುಡುಗನ ಒಂದೊಂದು ಹೆಜ್ಜೆಗೂ ಸುಮಾರು 300 ಕಿಲೋ ಭಾರ. ಆರೋಗ್ಯವಂತ ಎಲುಬು, ಸ್ನಾಯುಗಳು ಇದನ್ನು ಹೊರಬಲ್ಲವು, ಹೊತ್ತು ಹೊತ್ತು ಇನ್ನಷ್ಟು ಗಟ್ಟಿಯಾಗಲೂಬಲ್ಲವು. ಆದರೆ ಗಟ್ಟಿಯಾಗಲು ಅವಕ್ಕೆ ಸಮಯ ಬೇಕು. ಉಸಿರಾಟ ಮತ್ತು ಹೃದಯ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ, ಎಲುಬಿಗೆ ತಿಂಗಳುಗಳು ಬೇಕು. ಹೊಸದಾಗಿ ಓಡುವವರು ಪೆಟ್ಟು ತಿನ್ನುವುದು ಈ ಅಂತರದಲ್ಲೇ. ದಮ್ಮು ಸಿಕ್ಕಿತೆಂದು ರೌಂಡು ಹೆಚ್ಚಿಸುತ್ತಾರೆ, ಒಳಗಿನ ಎಲುಬು ಇನ್ನೂ ತಯಾರಾಗಿರುವುದಿಲ್ಲ.

ತೊಡೆಸಂದಿನ ನೋವಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ನೇಮಕಾತಿಗೆ ಓಡುವ ಹುಡುಗರಿಗೆ ದೊಡ್ಡ ಅಪಾಯ ಇರುವುದು ಇಲ್ಲೇ. ಎಳೆಯ ಓಟಗಾರನಿಗೆ ವಾರಗಟ್ಟಲೆ ತೊಡೆಸಂದು ನೋಯುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ತೊಡೆಯೆಲುಬಿನ ಕುತ್ತಿಗೆಯ ಒತ್ತಡದ ಬಿರುಕನ್ನು. ಪೆಟ್ಟಿನಿಂದ ಮುರಿಯುವ ಎಲುಬಿನಂತಲ್ಲ ಇದು. ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದ ತಂತಿ ಸಣ್ಣಗೆ ಸೀಳಲು ಶುರುವಾಗುವಂತೆ, ರಿಪೇರಿಯಾಗಲು ಬಿಡುವು ಸಿಗದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಈ ಜಾತಿಯ ಗಾಯವನ್ನು ವೈದ್ಯಲೋಕ ಮೊದಲು ಗುರುತಿಸಿದ್ದೇ ಸೈನಿಕರಲ್ಲಿ. 1855ರಲ್ಲಿ ಪ್ರಷ್ಯಾ ಸೇನೆಯ ವೈದ್ಯ ಬ್ರೈಟ್‌ಹೌಪ್ಟ್, ದೂರದೂರ ಕವಾಯತು ನಡೆದ ಸಿಪಾಯಿಗಳ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟ. ಅದು ಎಲುಬಿನ ಬಿರುಕು ಎಂದು ಖಚಿತವಾದದ್ದು ಎಕ್ಸ್-ರೇ ಬಂದ ಮೇಲೆ. ಪಾದದ ಬಿರುಕು ಬಹುಮಟ್ಟಿಗೆ ಸುಮ್ಮನೆ ಕೂಡಿಕೊಳ್ಳುತ್ತದೆ. ತೊಡೆಯೆಲುಬಿನ ಕುತ್ತಿಗೆಯ ಬಿರುಕು ಅಷ್ಟು ಸುಲಭವಲ್ಲ. ಎಲುಬಿನ ತಲೆಗೆ ರಕ್ತ ಹೋಗುವ ಸಣ್ಣ ನಾಳಗಳು ಹಾದುಹೋಗುವುದು ಆ ಕುತ್ತಿಗೆಯ ಮೇಲೇ. ಬಿರುಕು ಪೂರ್ತಿ ಮುರಿದು ಜಾಗ ಬಿಟ್ಟು ಸರಿದರೆ ರಕ್ತ ನಿಂತು ತಲೆಯ ಭಾಗ ಸಾಯಬಹುದು. ಆಗ ಇಪ್ಪತ್ತರ ಹುಡುಗನಿಗೆ ಕೃತಕ ಕೀಲು ಹಾಕಿಸುವ ಮಾತು ಬರುತ್ತದೆ.

ಈ ಬಿರುಕಿಗೆ ಒಂದು ನಡೆ ಇದೆ. ಮೊದಲು ಓಟದ ಕೊನೆಯಲ್ಲಷ್ಟೇ ತೊಡೆಸಂದಿನಲ್ಲಿ ಆಳದ ನೋವು. ಕೆಲವು ದಿನಗಳ ಮೇಲೆ ಓಟದ ಶುರುವಿನಿಂದಲೇ. ಆಮೇಲೆ ನಡೆಯುವಾಗಲೂ, ಬಸ್ಸಿನ ಮೆಟ್ಟಿಲು ಹತ್ತುವಾಗಲೂ. ಕೊನೆಗೆ ರಾತ್ರಿ ಹಾಸಿಗೆಯಲ್ಲೂ. ಕಾಲನ್ನು ಒಳಮುಖವಾಗಿ ತಿರುಗಿಸಿದರೆ ಚುಚ್ಚುತ್ತದೆ, ನಡಿಗೆಯಲ್ಲಿ ಸಣ್ಣ ಕುಂಟು ಸೇರಿಕೊಳ್ಳುತ್ತದೆ. ಕೆಲವರಿಗೆ ಈ ನೋವು ತೊಡೆಯ ಮುಂಭಾಗದಲ್ಲಿ ಇಳಿದು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದರಿಂದ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡುತ್ತಲೇ ಇರುತ್ತಾರೆ. ಒಂಟಿ ಕಾಲಲ್ಲಿ ಕುಪ್ಪಳಿಸಿ ನೋಡುವ ಪರೀಕ್ಷೆ ಕೆಲವರಿಗೆ ಗೊತ್ತು; ಬಿರುಕಿನ ಅನುಮಾನ ಇದ್ದಾಗ ಅದನ್ನು ಮಾಡುವುದೇ ಬೇಡ, ಕುಪ್ಪಳಿಸಿದ ಪೆಟ್ಟಿಗೇ ಎಲುಬು ಸರಿಯಬಹುದು. ಮುಖ್ಯವಾದ ಇನ್ನೊಂದು ಸಂಗತಿ: ಮೊದಲ ವಾರಗಳಲ್ಲಿ ಎಕ್ಸ್-ರೇ ಬಹಳ ಸಲ ಏನನ್ನೂ ತೋರಿಸುವುದಿಲ್ಲ. ‘ಎಕ್ಸ್-ರೇ ಕ್ಲಿಯರ್ ಇದೆ’ ಎಂದ ಮಾತ್ರಕ್ಕೆ ಎಲುಬು ಕ್ಲಿಯರ್ ಇದೆ ಎಂದಾಗದು. ಬಿರುಕನ್ನು ನಂಬಬಹುದಾದಂತೆ ತೋರಿಸುವುದು ಎಂಆರ್‌ಐ. ಕುತ್ತಿಗೆಯ ಕೆಳಬದಿಯಲ್ಲಿ ಸಣ್ಣ ಬಿರುಕಿದ್ದರೆ ಊರುಗೋಲು ಹಿಡಿದು ಕಾಲಿಗೆ ಭಾರ ಬಿಡದೆ ಕೆಲವು ವಾರ ಕಳೆದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮೇಲ್ಬದಿಯ ಬಿರುಕು ಎಳೆತಕ್ಕೆ ಸಿಕ್ಕು ಅಗಲವಾಗುತ್ತಾ ಹೋಗುವುದರಿಂದ ಸ್ಕ್ರೂ ಹಾಕಿ ಬಿಗಿಯುವ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮ್ಯಾರಥಾನ್ ವಿಶ್ವದಾಖಲೆ ಹೊಂದಿದ್ದ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಅವರ ಎಡತೊಡೆಯ ಎಲುಬಿನಲ್ಲಿ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಒತ್ತಡದ ಬಿರುಕು ಪತ್ತೆಯಾಗಿತ್ತು. ಜಗತ್ತಿನ ಒಳ್ಳೆಯ ವೈದ್ಯರೆಲ್ಲ ಕೈಗೆಟುಕುವಂತಿದ್ದರೂ ತಯಾರಿಗೆ ಸಮಯ ಸಾಲದೆ ಅವರು ಅಲ್ಲಿ 23ನೆಯವರಾಗಿ ಗುರಿ ಮುಟ್ಟಿದರು.

ಇಲ್ಲೊಂದು ಆಕ್ಷೇಪ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭರ್ತಿಯ ದಿನಾಂಕ ಯಾರಿಗೂ ಕಾಯುವುದಿಲ್ಲ, ವಯಸ್ಸಿನ ಮಿತಿ ದಾಟಿದರೆ ಇನ್ನೊಂದು ಅವಕಾಶವೂ ಇಲ್ಲ, ಮನೆಯವರು ಎರಡು ವರ್ಷ ಕೋಚಿಂಗಿಗೆ ದುಡ್ಡು ಕಟ್ಟಿರುತ್ತಾರೆ. ಇಂಥ ಹುಡುಗನಿಗೆ ನಿಲ್ಲು ಎನ್ನುವುದು ಸುಲಭ, ನಿಲ್ಲುವುದು ಕಷ್ಟ. ಈ ಸಂಕಟ ನಿಜ. ಆದರೆ ಲೆಕ್ಕ ಹಾಕಿ ನೋಡಬೇಕು. ಬಿರುಕು ಮೊದಲ ಹಂತದಲ್ಲಿದ್ದಾಗ ನಿಲ್ಲಿಸಿದರೆ ಹೋಗುವುದು ಮೂರ್ನಾಲ್ಕು ತಿಂಗಳು, ಹೆಚ್ಚೆಂದರೆ ಒಂದು ಭರ್ತಿ. ನೋವಿನ ಗುಳಿಗೆ ನುಂಗಿ ಓಡಿ ಎಲುಬು ಸರಿದರೆ ಆ ಭರ್ತಿಯೂ ಹೋಗುತ್ತದೆ, ಮುಂದಿನ ಎಲ್ಲ ವೈದ್ಯಕೀಯ ತಪಾಸಣೆಗಳಲ್ಲಿ ಪಾಸಾಗುವ ಆಸೆಯೂ ಹೋಗುತ್ತದೆ. ಗುಳಿಗೆ ನೋವನ್ನು ಮುಚ್ಚುತ್ತದೆ, ಬಿರುಕನ್ನು ಮುಚ್ಚುವುದಿಲ್ಲ. ಓಟದ ದಿನ ಗುಳಿಗೆಯ ಬಲದಿಂದ ಗೆದ್ದರೂ ಆಮೇಲಿನ ತಿಂಗಳುಗಳ ತರಬೇತಿಯಲ್ಲಿ ಅದೇ ಎಲುಬಿನ ಮೇಲೆ ಇದಕ್ಕಿಂತ ಹೆಚ್ಚಿನ ಭಾರ ಬೀಳುವುದಿದೆ.

ಯಾರ ಎಲುಬು ಬೇಗ ಬಿರಿಯುತ್ತದೆ ಎಂಬುದಕ್ಕೆ ಓಟದ ಹಾಗೆಯೇ ಊಟವೂ ಕಾರಣ. ಖರ್ಚಾದಷ್ಟು ಶಕ್ತಿ ಊಟದಿಂದ ಬರದೇ ಹೋದರೆ ದೇಹ ಎಲುಬಿನ ರಿಪೇರಿಯನ್ನು ಮುಂದಕ್ಕೆ ಹಾಕುತ್ತದೆ. ಹುಡುಗಿಯರಲ್ಲಿ ಇದರ ಮೊದಲ ಸೂಚನೆ ಮುಟ್ಟು ಏರುಪೇರಾಗುವುದು, ಇಲ್ಲವೇ ನಿಂತೇಹೋಗುವುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸುತ್ತಿದೆ. ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ ಎಂದೂ ಹೇಳುತ್ತಿದೆ. ಓಟದ ತಯಾರಿಯಲ್ಲಿರುವ ಹುಡುಗಿಗೆ ಮುಟ್ಟು ನಿಂತರೆ ಅದನ್ನು ಮುಜುಗರದ ವಿಷಯವೆಂದು ಬಿಡದೆ ಎಲುಬಿನ ಎಚ್ಚರಿಕೆ ಎಂದೇ ಓದಬೇಕು. 2008ರಲ್ಲಿ ಪ್ರಕಟವಾದ ಅಮೆರಿಕದ ನೌಕಾಪಡೆಯ ಅಧ್ಯಯನವೊಂದರಲ್ಲಿ ಹೊಸದಾಗಿ ಸೇರಿದ 5,201 ಯುವತಿಯರಲ್ಲಿ ಒಂದು ಗುಂಪಿಗೆ ದಿನಕ್ಕೆ 2,000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ವಿಟಮಿನ್ ಡಿ ಕೊಟ್ಟಾಗ ಒತ್ತಡದ ಬಿರುಕುಗಳು ಶೇ. 20ರಷ್ಟು ಕಡಿಮೆಯಾದವು. ಬಳ್ಳಾರಿಯಂಥ ಬಿಸಿಲೂರಲ್ಲಿ ವಿಟಮಿನ್ ಡಿ ಕೊರತೆ ಎಲ್ಲಿಂದ ಬಂತು ಎನ್ನಬಹುದು. ಸೂರ್ಯ ಮೇಲೇರುವ ಮುಂಚೆ ಓಡಿ, ಹಗಲೆಲ್ಲ ಕೋಣೆಯಲ್ಲಿ ಕೂತು ಓದುವವರ ಚರ್ಮಕ್ಕೆ ಆ ಬಿಸಿಲು ತಾಗುವುದೇ ಕಡಿಮೆ. ಈ ಜಿಲ್ಲೆಗೆ ಇನ್ನೊಂದು ಚಿಂತೆಯೂ ಇದೆ. ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ದಾಖಲಾದ ಸಂಗತಿ. ಆ ಮಿತಿ ಲೀಟರಿಗೆ 1.5 ಮಿಲಿಗ್ರಾಂ; ಅದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಬೆನ್ನು, ಸೊಂಟ ಬಿಗಿಯಾಗುತ್ತಾ ಬರಬಹುದು. ಹಲ್ಲಿನ ಮೇಲೆ ಕಂದು ಕಲೆ ಇರುವ ಊರಿನ ಹುಡುಗನ ಸೊಂಟದ ನೋವನ್ನು ಪರೀಕ್ಷಿಸುವಾಗ ಕುಡಿಯುವ ನೀರಿನ ಬಗ್ಗೆಯೂ ಕೇಳುವುದು ಒಳ್ಳೆಯದು.

ಪಕ್ಕದ ಉಬ್ಬಿನ ನೋವಿಗೆ ಬಂದರೆ ಸಲಹೆಯೇ ತಿರುವುಮುರುವಾಗುತ್ತದೆ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೆಚ್ಚು ಕಾಣುವುದು ಇದೇ. ಆ ಮಗ್ಗುಲಲ್ಲಿ ಮಲಗಿದರೆ ನೋವು, ಮೆಟ್ಟಿಲು ಹತ್ತಿದರೆ ನೋವು, ಒಂಟಿ ಕಾಲಲ್ಲಿ ನಿಂತು ಸಲ್ವಾರ್ ಹಾಕಿಕೊಳ್ಳುವಾಗ ನೋವು. ಗೋಡೆಗೆ ಒಂದು ಬೆರಳು ತಾಗಿಸಿ ನೋಯುವ ಕಾಲಿನ ಮೇಲಷ್ಟೇ 30 ಸೆಕೆಂಡು ನಿಂತರೆ ಸಾಕು, ಪಕ್ಕದಲ್ಲಿ ಅದೇ ನೋವು ಎದ್ದು ಬರುತ್ತದೆ. ಕನ್ನಡಿ ಎದುರು ನಿಂತಿದ್ದರೆ ಇನ್ನೊಂದು ಬದಿಯ ಸೊಂಟ ಕೆಳಗೆ ಜಗ್ಗುವುದೂ ಕಾಣುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಹೀಗೆ ಸೊಂಟ ಜಗ್ಗಿದಂತೆಲ್ಲ ಪಕ್ಕದ ರಜ್ಜುಗಳು ಎಲುಬಿನ ಉಬ್ಬಿಗೆ ಒತ್ತಿ ಅರೆಯಲ್ಪಡುತ್ತವೆ. ಇಂಥವರು ತಿಂಗಳುಗಟ್ಟಲೆ ಸುಮ್ಮನೆ ಕೂತರೆ ನೋವು ತಗ್ಗುತ್ತದೆ, ಜೊತೆಗೆ ಸ್ನಾಯುವೂ ಸೊರಗುತ್ತದೆ; ಮತ್ತೆ ಓಡಿದ ವಾರವೇ ನೋವು ಹಾಜರ್. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇಲ್ಲಿ ದಾರಿ ತೋರಿಸುತ್ತದೆ. ಈ ನೋವಿದ್ದ 204 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ತಿಳುವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್, ಮೂರನೆಯದಕ್ಕೆ ‘ಕಾದು ನೋಡಿ’ ಎಂಬ ಮಾತು ಕೊಟ್ಟರು. ಎಂಟು ವಾರದಲ್ಲಿ ವ್ಯಾಯಾಮದ ಗುಂಪಿನ ಶೇ. 77 ಮಂದಿಗೆ, ಇಂಜೆಕ್ಷನ್ ಗುಂಪಿನ ಶೇ. 58 ಮಂದಿಗೆ, ಕಾದು ನೋಡಿದವರಲ್ಲಿ ಶೇ. 29 ಮಂದಿಗೆ ಗುಣ ಕಂಡಿತು. ಅವರೆಲ್ಲ 35ರಿಂದ 70 ವರ್ಷದವರು, ಬಹುಪಾಲು ಮಹಿಳೆಯರು. ಇಪ್ಪತ್ತರ ಓಟಗಾರನಿಗೆ ಇದೇ ಅಂಕಿ ಅನ್ವಯಿಸುತ್ತದೆ ಎನ್ನಲಾಗದು. ಸುಮ್ಮನೆ ಕಾಯುವುದು ಎಲ್ಲಕ್ಕಿಂತ ಹಿಂದೆ ಬಿದ್ದದ್ದಂತೂ ಗಮನಿಸಬೇಕಾದ್ದು.

ಆ ತಿಳುವಳಿಕೆಯ ಪಾಠದ ತಿರುಳು ರಜ್ಜುವನ್ನು ದಿನವಿಡೀ ಹಿಂಡುವ ಭಂಗಿಗಳನ್ನು ಬಿಡುವುದು. ನಮ್ಮ ಮನೆಗಳಲ್ಲಿ ಅಂಥವು ಬೇಕಾದಷ್ಟಿವೆ: ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ಓರೆ ಮಾಡಿ ನಿಲ್ಲುವುದು, ಆ ಓರೆ ಸೊಂಟದ ಮೇಲೆ ನೀರಿನ ಕೊಡವನ್ನೋ ಕೂಸನ್ನೋ ಹೊರುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಅಡ್ಡ ಚೆಲ್ಲುವುದು. ಮಲಗುವಾಗ ಎರಡು ಮೊಣಕಾಲ ನಡುವೆ ದಿಂಬಿಟ್ಟುಕೊಂಡರೆ ರಾತ್ರಿ ನಿದ್ದೆ ಸಿಗುತ್ತದೆ. ಪಕ್ಕದ ಸೊಂಟ ನೋಯುತ್ತದೆಂದು ಕಾಲನ್ನು ಅಡ್ಡ ಎಳೆದು ಸ್ಟ್ರೆಚ್ ಮಾಡುವವರು ಬಹಳ. ಆ ಎಳೆತ ರಜ್ಜುವನ್ನು ಇನ್ನಷ್ಟು ಹಿಂಡುವುದರಿಂದ ಅದನ್ನು ಬಿಡಬೇಕು. ವ್ಯಾಯಾಮಕ್ಕೆ ಚಾಪೆ ಮತ್ತು ಮೆಟ್ಟಿಲು ಸಾಕು. ಅಂಗಾತ ಮಲಗಿ ಮೊಣಕಾಲು ಮಡಚಿ ಪೃಷ್ಠವನ್ನು ನಿಧಾನವಾಗಿ ಮೇಲೆತ್ತಿ ಇಳಿಸುವುದು, ಎರಡು ಕಾಲಲ್ಲಿ ಸಲೀಸಾದ ಮೇಲೆ ಒಂದೇ ಕಾಲಲ್ಲಿ. ಆಮೇಲೆ ಗಿಡ್ಡನೆಯ ಮೆಟ್ಟಿಲನ್ನು ಒಂದು ಕಾಲಿನ ಬಲದಲ್ಲೇ ಹತ್ತಿ, ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯುವುದು. ಇಳಿಯುವಾಗ ಸೊಂಟದ ಎರಡೂ ಬದಿ ಸಮನಾಗಿರಬೇಕು, ಮೊಣಕಾಲು ಒಳಕ್ಕೆ ವಾಲಬಾರದು. ಬಳ್ಳಾರಿ ಗುಡ್ಡದ ಮೆಟ್ಟಿಲುಗಳನ್ನು ದಡದಡ ಹತ್ತಿಳಿಯುವುದು ಇದಕ್ಕೆ ಸಾಟಿಯಲ್ಲ, ಶುರುವಿನಲ್ಲಿ ಅದು ಹಾನಿಯೇ. ಓಟವನ್ನು ಪೂರ್ತಿ ಬಿಡಬೇಕಿಲ್ಲ. ಹತ್ತರಲ್ಲಿ ಮೂರು ನಾಲ್ಕರಷ್ಟು ನೋವಿದ್ದು ಮರುದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಆ ಓಟವನ್ನು ದೇಹ ತಾಳಿಕೊಂಡಿದೆ. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಓಡಬೇಕು. ಈ ಅಳತೆ ಪಕ್ಕದ ನೋವಿಗೆ ಮಾತ್ರ, ತೊಡೆಸಂದಿಗೆ ಅಲ್ಲ. ಹೆಜ್ಜೆಯನ್ನು ಸ್ವಲ್ಪ ಗಿಡ್ಡ ಮಾಡಿ ನಿಮಿಷದ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಅದೇ ವೇಗದಲ್ಲಿ ಸೊಂಟ, ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆಂದು 2011ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿತ್ತು. 160 ಹೆಜ್ಜೆ ಹಾಕುವವರು 170ರ ಸುತ್ತಮುತ್ತ ಪ್ರಯತ್ನಿಸಬಹುದು.

ಇಷ್ಟಾದರೂ ಮನೆಯ ಹಿರಿಯರ ಅನುಮಾನ ಉಳಿದೇ ಇರುತ್ತದೆ: ಓಡಿ ಓಡಿ ಕೀಲು ಸವೆಯುವುದಿಲ್ಲವೇ? 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೊಂಟ ಮತ್ತು ಮೊಣಕಾಲಿನ ಸವೆತ ಕಂಡದ್ದು ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5 ಮಂದಿಯಲ್ಲಿ, ಓಡದೆ ಕೂತಿರುವವರಲ್ಲಿ ಶೇ. 10.2 ಮಂದಿಯಲ್ಲಿ. ಸ್ಪರ್ಧೆಗಾಗಿಯೇ ತೀವ್ರವಾಗಿ ಓಡುವವರಲ್ಲಿ ಮಾತ್ರ ಅದು ಶೇ. 13.3. ಕೀಲು ಚೆನ್ನಾಗಿರುವವರೇ ಓಟ ಮುಂದುವರಿಸಿರಬಹುದು, ಹಾಗಾಗಿ ಓಟವೇ ಕೀಲನ್ನು ಕಾಪಾಡಿತು ಎಂದು ಇದರಿಂದ ಸಾಧಿಸಲಾಗದು. ಆದರೆ ಮಿತವಾದ ಓಟ ಕೀಲು ತಿನ್ನುತ್ತದೆ ಎಂಬ ಭಯಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಹಾಗಿದ್ದರೆ ಎಲ್ಲರೂ ಮೊದಲೇ ಒಂದು ಎಂಆರ್‌ಐ ಮಾಡಿಸಿಬಿಟ್ಟರೆ ಆಗದೇ ಎಂಬುದು ಇನ್ನೊಂದು ಪ್ರಶ್ನೆ. ಬಿರುಕಿನ ಅನುಮಾನ ಇರುವ ಹುಡುಗನಿಗೆ ಅದು ಬೇಕೇ ಬೇಕು. ಉಳಿದವರಿಗೆ ಅದು ಗೊಂದಲ ಹೆಚ್ಚಿಸುವುದೇ ಜಾಸ್ತಿ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೊಂಟದ ನೋವೇ ಇಲ್ಲದ 45 ಜನರನ್ನು ಸ್ಕ್ಯಾನ್ ಮಾಡಿದಾಗ ಶೇ. 69 ಮಂದಿಯ ಕೀಲಿನ ಅಂಚಿನ ಮೆತ್ತೆ ಹರಿದಿರುವುದು ಕಂಡಿತ್ತು. ಅಂದಮೇಲೆ ರಿಪೋರ್ಟಿನಲ್ಲಿ ಹರಿದಿದೆ ಎಂದು ಬಂದದ್ದೇ ನೋವಿಗೆ ಕಾರಣವೆಂದು ಆಪರೇಷನ್ನಿಗೆ ಓಡುವ ಅಗತ್ಯವಿಲ್ಲ. ಕೀಲಿನ ಎಲುಬುಗಳು ಒಂದಕ್ಕೊಂದು ತಾಗಿ ತೊಡೆಸಂದು ನೋಯುವವರಿಗೆ, ಅಂದರೆ ಕುಕ್ಕರುಗಾಲಲ್ಲಿ ಕೂತಾಗ ಚಿಮುಟಿದಂತಾಗುವವರಿಗೆ, ಕೀಲುದರ್ಶಕ (ಆರ್ತ್ರೋಸ್ಕೋಪಿ) ಶಸ್ತ್ರಚಿಕಿತ್ಸೆ ಮತ್ತು ಫಿಜಿಯೋಥೆರಪಿಯನ್ನು ಬ್ರಿಟನ್ನಿನಲ್ಲಿ 348 ಜನರ ಮೇಲೆ ಹೋಲಿಸಿ ನೋಡಲಾಗಿತ್ತು. 2018ರ ಆ ಫಲಿತಾಂಶದಲ್ಲಿ ಶಸ್ತ್ರಚಿಕಿತ್ಸೆ ಸ್ವಲ್ಪ ಮುಂದಿತ್ತು, ವ್ಯಾಯಾಮ ಮಾಡಿದವರೂ ಸುಧಾರಿಸಿದ್ದರು.

ಹಿಂಭಾಗದ ನೋವು ಬಹುಮಟ್ಟಿಗೆ ಟೊಂಕದ ಎಲುಬಿನಿಂದಲೋ ತೊಡೆಯ ಹಿಂಬದಿಯ ಸ್ನಾಯುವಿನಿಂದಲೋ ಬರುವಂಥದ್ದು. ಓಟಕ್ಕೆ ಸಂಬಂಧವೇ ಇಲ್ಲದ ಕೆಲವು ಕಾಯಿಲೆಗಳೂ ಓಟಗಾರನ ಸೊಂಟದಲ್ಲಿ ಅಡಗಿರಬಹುದು. ಬೆಳಿಗ್ಗೆ ಎದ್ದಾಗ ಅರ್ಧ ತಾಸಿಗೂ ಮೀರಿ ಬಿಗಿತವಿದ್ದು, ಓಡಾಡಿದಂತೆ ಸಡಿಲವಾಗುವ ನೋವು ಹರೆಯದವರ ವಾತರೋಗದ್ದಿರಬಹುದು. ಜ್ವರ, ತೂಕ ಇಳಿಕೆ, ರಾತ್ರಿ ಎಬ್ಬಿಸುವ ನೋವು ಇದ್ದರೆ ಕೀಲಿನ ಕ್ಷಯವನ್ನು ಶಂಕಿಸಬೇಕು. ಹಿಂದೆ ಸ್ಟಿರಾಯ್ಡ್ ಹೆಚ್ಚು ತೆಗೆದುಕೊಂಡವರಲ್ಲಿ, ಕುಡಿತ ಇರುವವರಲ್ಲಿ ಎಲುಬಿನ ತಲೆ ಓಡದೆಯೂ ಸಾಯಬಹುದು. ಯಾವ ಔಷಧ ಎಂದು ಹೇಳದೆ ಚುಚ್ಚುವ ‘ಪವರ್ ಇಂಜೆಕ್ಷನ್’ಗಳಿಂದ ದೂರವಿರಬೇಕಾದದ್ದು ಇದಕ್ಕೇ.

ಇಂಥ ಆರೈಕೆ ಯಾರ ಕೈಗೆ ಎಟುಕುತ್ತದೆ ಎಂಬ ಮಾತು ಉಳಿಯಿತು. ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಅಥ್ಲೀಟುಗಳ ಜೊತೆ ಫಿಜಿಯೋಗಳೂ ಕ್ರೀಡಾವಿಜ್ಞಾನ ಬಲ್ಲವರೂ ಇದ್ದಾರೆ. ಅಲ್ಲಿ ಅಭ್ಯಾಸ ಮಾಡಿದ್ದ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತೊಡೆಸಂದಿನ ಸ್ನಾಯು ನೋಯಿಸಿಕೊಂಡಾಗ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟವನ್ನೇ ಬಿಟ್ಟು ವಿಶ್ರಾಂತಿ ಪಡೆದರು. ಆಗಸ್ಟ್ ಕೊನೆಗೆ ಮರಳಿ ಲೂಸಾನ್‌ನಲ್ಲಿ 89.08 ಮೀಟರ್ ಎಸೆದು ಗೆದ್ದರು. ಕುರುಗೋಡಿನ ಹುಡುಗನಿಗೆ ಅಂಥ ತಂಡ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವನಿಗೆ ಬೇಕಾದದ್ದು ಅಷ್ಟೂ ಅಲ್ಲ. ಬೆರಳಿನಿಂದ ಜಾಗ ತೋರಿಸು ಎಂದು ಕೇಳುವ ಒಬ್ಬ ದೈಹಿಕ ಶಿಕ್ಷಕರು ಅಥವಾ ಕೋಚಿಂಗ್ ಮೇಷ್ಟ್ರು, ತೊಡೆಸಂದಿಗೆ ಬೆರಳು ಹೋದರೆ ಅವತ್ತೇ ಓಟ ನಿಲ್ಲಿಸಿ ಎಲುಬಿನ ವೈದ್ಯರ ಬಳಿ ಕಳಿಸುವ ಅಭ್ಯಾಸ, ಇಷ್ಟಿದ್ದರೆ ದೊಡ್ಡ ಅನಾಹುತಗಳು ತಪ್ಪುತ್ತವೆ. ಸಿರುಗುಪ್ಪದವರಿಗೂ ಕುರುಗೋಡಿನವರಿಗೂ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನರ ಬಾಯಲ್ಲಿ ಇಂದಿಗೂ ವಿಮ್ಸ್, ಬಸ್ಸಿಗೆ ಎಟುಕುವ ದೂರದಲ್ಲಿದೆ. ಅಲ್ಲಿ ಎಲುಬು ಕೀಲಿನ ವಿಭಾಗವಿದೆ. ಹೋದಾಗ ‘ಸೊಂಟ ನೋವು’ ಎಂದಷ್ಟೇ ಹೇಳದೆ, ಎಷ್ಟು ವಾರದಿಂದ ನೋವು, ಓಟವನ್ನು ಎಷ್ಟರಿಂದ ಎಷ್ಟಕ್ಕೆ ಹೆಚ್ಚಿಸಿದ್ದು, ರಾತ್ರಿ ನೋಯುತ್ತದೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಸಾಲು ಉದ್ದವಿರುವ ಹೊರರೋಗಿ ವಿಭಾಗದಲ್ಲಿ ವೈದ್ಯರ ಅನುಮಾನ ಸರಿಯಾದ ಕಡೆ ತಿರುಗುವುದು ಆ ಮೂರು ಮಾತಿನಿಂದ.

ಮೈದಾನಕ್ಕೆ ಮರಳುವ ಲೆಕ್ಕವೂ ಇದೇ ರೀತಿ ಬಿಡಿಸಿ ಹಾಕಬೇಕಾದದ್ದು. ಬಿರುಕು ಕೂಡಿದ ಮೇಲೆ ಮೊದಲು ನೋವಿಲ್ಲದೆ ಅರ್ಧ ತಾಸು ಚುರುಕಾಗಿ ನಡೆಯಬೇಕು, ಆಮೇಲೆ ಒಂದು ನಿಮಿಷ ಓಟ ಒಂದೆರಡು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ. ಮೊದಲು ದೂರ ಹೆಚ್ಚಿಸಬೇಕು, ವೇಗವನ್ನು ಕೊನೆಗೆ. ಹೊಸದಾಗಿ ಶುರುಮಾಡುವವರು ಭರ್ತಿಯ ಪ್ರಕಟಣೆಗೆ ಕಾಯದೆ ಆರು ತಿಂಗಳು ಮೊದಲೇ ಇದೇ ಕ್ರಮ ಹಿಡಿದರೆ 1600 ಮೀಟರಿನ ಆ ಆರೂವರೆ ನಿಮಿಷಕ್ಕೆ ಎಲುಬು ತಯಾರಾಗಲು ಬೇಕಾದಷ್ಟು ಕಾಲ ಸಿಗುತ್ತದೆ.